ಹುಡುಕಾಟ ಮಹಾಪ್ರಬಂಧದಿಂದ ಶುರುವಾಗಲಿ

ಹಾವೇರಿ ಜಿಲ್ಲೆಯ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಅನೇಕರು ಅಂತಿಮ ವರ್ಷದ ಸಂಶೋಧನಾ ಯೋಜನೆಗೆ ಬ್ಯಾಡಗಿ ಮೆಣಸಿನಕಾಯಿಯ ಕೀಟಬಾಧೆಯನ್ನು ಆರಿಸಿಕೊಳ್ಳುತ್ತಾರೆ. ಅಂತರ್ಜಾಲದಲ್ಲಿ ಏನೂ ಸಿಗಲಿಲ್ಲವೆಂದು ಅವರು ಹೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಈ ಬೆಳೆಯ ಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೇ ದಶಕಗಳಿಂದ ಅಧ್ಯಯನ ನಡೆದಿದೆ.

ಮೊದಲ ದಿನವೇ ಬಿಡಿ ಲೇಖನಗಳ ಬೆನ್ನು ಹತ್ತುವುದಕ್ಕಿಂತ ಒಂದು ಒಳ್ಳೆಯ ಮಹಾಪ್ರಬಂಧವನ್ನು, ಅಂದರೆ ಉನ್ನತ ಪದವಿಗಾಗಿ ಬರೆದ ಸಂಶೋಧನಾ ಗ್ರಂಥವನ್ನು (ಥೀಸಿಸ್), ಹಿಡಿಯುವುದು ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೃಷಿ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಕೃಷಿಕೋಶ ಎಂಬ ಜಾಲತಾಣದಲ್ಲಿಯೂ, ಉಳಿದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿಯೂ ಉಚಿತವಾಗಿ ದೊರೆಯುತ್ತವೆ. ಅವುಗಳ ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ ಆ ವಿಷಯದ ಹಿಂದಿನ ಲೇಖನಗಳನ್ನು ಸಂಶೋಧಕರೊಬ್ಬರು ಆಗಲೇ ಓದಿ, ಆಯ್ದು, ಜೋಡಿಸಿ ಇಟ್ಟಿರುತ್ತಾರೆ. ವಿದ್ಯಾರ್ಥಿಗೆ ಬೇಕಾದ ಸರಿಯಾದ ಹೆಸರುಗಳೂ ಅಲ್ಲಿಯೇ ಕೈಗೆ ಸಿಗುತ್ತವೆ: ಎಲೆ ಮುರುಟುವ ಬಾಧೆಗೆ ಮುರ್ಡಾ ಎಂಬ ಹೆಸರಿದೆ, ಅದಕ್ಕೆ ಕಾರಣವಾಗುವವುಗಳಲ್ಲಿ ಒಂದಾದ, ರಸ ಹೀರುವ ಪುಟ್ಟ ಥ್ರಿಪ್ಸ್ ಕೀಟಕ್ಕೆ ಸಿರ್ಟೋಥ್ರಿಪ್ಸ್ ಡಾರ್ಸಾಲಿಸ್ (Scirtothrips dorsalis) ಎಂಬ ವೈಜ್ಞಾನಿಕ ಹೆಸರಿದೆ. ಬರೀ ಮೆಣಸಿನಕಾಯಿ ಎಂದು ಹುಡುಕಿದರೆ ದರಪಟ್ಟಿಯೂ ಅಡುಗೆಯೂ ಬರುವಲ್ಲಿ, ಈ ಹೆಸರುಗಳನ್ನು ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ತಾಣದಲ್ಲಿ ಹಾಕಿದರೆ ಕೆಲಸಕ್ಕೆ ಬರುವ ಲೇಖನಗಳೇ ಮುಂದೆ ಬರುತ್ತವೆ. ಬ್ಯಾಡಗಿ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆಯುವುದರಿಂದ ಎಲ್ಲ ಕಾಗುಣಿತಗಳನ್ನೂ ಹಾಕಿ ನೋಡಬೇಕು.

ಆದರೆ ಮಹಾಪ್ರಬಂಧದ ಅರಿವು ಅದನ್ನು ಬರೆದ ವರ್ಷಕ್ಕೇ ನಿಲ್ಲುತ್ತದೆ. 2021ರಲ್ಲಿ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರಗಿನಿಂದ ಬಂದ ಕಪ್ಪು ಥ್ರಿಪ್ಸ್ ದಕ್ಷಿಣ ಭಾರತದ ಮೆಣಸಿನ ಹೊಲಗಳಿಗೆ ನುಗ್ಗಿ, ಹೂವುಗಳನ್ನೇ ಹಾಳುಮಾಡಿತು. ಅದಕ್ಕೂ ಹಿಂದಿನ ಲೇಖನಗಳನ್ನಷ್ಟೇ ಓದಿ ಯೋಜನೆ ಬರೆದವರು ಇಂದಿನ ರೈತನ ಮುಖ್ಯ ಶತ್ರುವನ್ನೇ ಬಿಟ್ಟುಬಿಟ್ಟಂತಾಗುತ್ತದೆ. ಆದ್ದರಿಂದ ಹಳೆಯ ಮುಖ್ಯ ಲೇಖನವೊಂದನ್ನು ಸ್ಕಾಲರ್‌ನಲ್ಲಿ ತೆರೆದು, ಅದನ್ನು ಉಲ್ಲೇಖಿಸಿರುವ ಹೊಸ ಲೇಖನಗಳ ಕೊಂಡಿಯನ್ನು ಒತ್ತಿ, 2021ರ ನಂತರದವನ್ನು ಬೇರ್ಪಡಿಸಿಕೊಂಡು ಓದಬೇಕು.

ಹಣ ಕೇಳುವ ಪುಟ ಎದುರಾದರೆ ಹಿಂದೆ ಸರಿಯಬೇಕಾಗಿಲ್ಲ. ಅದೇ ಲೇಖನದ ಉಚಿತ ಪ್ರತಿ ಬೇರೆಡೆ ಇರುವುದುಂಟು. ಸ್ಕಾಲರ್‌ನಲ್ಲಿ ಎಲ್ಲ ಆವೃತ್ತಿಗಳನ್ನು ತೋರಿಸುವ ಕೊಂಡಿಯಿದೆ. ಸರ್ಕಾರಿ ಕಾಲೇಜಿನವರು 2025ರ ಜನವರಿಯಲ್ಲಿ ಜಾರಿಗೆ ಬಂದ, ಕೇಂದ್ರ ಸರ್ಕಾರವೇ ಚಂದಾ ಕಟ್ಟಿ ಸಂಶೋಧನಾ ನಿಯತಕಾಲಿಕೆಗಳನ್ನು ಓದಲು ಒದಗಿಸುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯ ಬಗ್ಗೆ ಗ್ರಂಥಪಾಲಕರನ್ನು ಕೇಳಬೇಕು. ಸುಮಾರು 13,000 ನಿಯತಕಾಲಿಕೆಗಳು ಅದರಡಿ ಬರುತ್ತವೆ. ಅಲ್ಲಿಯೂ ಸಿಗದಿದ್ದರೆ ಲೇಖಕರ ಇಮೇಲ್ ವಿಳಾಸ ಸಾಮಾನ್ಯವಾಗಿ ಲೇಖನದ ಮೊದಲ ಪುಟದಲ್ಲಿಯೇ ಇರುತ್ತದೆ. ಯಾವ ಕಾಲೇಜು, ಯಾವ ಯೋಜನೆ ಎಂದು ತಿಳಿಸಿ ವಿನಯದಿಂದ ಒಂದು ಪ್ರತಿ ಕೇಳುವುದರಲ್ಲಿ ಸಂಕೋಚ ಬೇಡ.