ನಮ್ಮ ಕೋಣೆಯ ಗೋಡೆಯ ಮೇಲಿದ್ದ ಶರತ್ ಕಮಲ್

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ನಮ್ಮ ಕಾಲೇಜಿನಲ್ಲಿ ಓದದ ಒಬ್ಬರು. ಚೆನ್ನೈನ ಟೇಬಲ್ ಟೆನಿಸ್ (ಟಿ.ಟಿ.) ಆಟಗಾರ ಅಚಂತ ಶರತ್ ಕಮಲ್. ನಾನು ಅವರನ್ನು ಮಾತಾಡಿಸಿದವನಲ್ಲ. ಆದರೂ ನಮ್ಮ ಬ್ಯಾಚಿನ ಟಿ.ಟಿ. ಹುಡುಗರ ಕಾಲೇಜು ದಿನಗಳ ಬಗ್ಗೆ ಬರೆದರೆ ಅವರನ್ನು ಬಿಟ್ಟು ಬರೆಯುವುದು ಕಷ್ಟ.

ಆಗ ಟಿ.ಟಿ. ಟೇಬಲ್ ಇದ್ದದ್ದು ವೇದಿಕೆಯ ಹಿಂದಿನ ಕೋಣೆಯಲ್ಲಿ. ಒಂದು ಪಕ್ಕಕ್ಕೆ ಹಳೆಯ ಬೆಂಚುಗಳು, ಇನ್ನೊಂದು ಪಕ್ಕಕ್ಕೆ ಗೋಡೆ. ಹಿಂದೆ ಸರಿದು ಆಡಲು ಜಾಗವೇ ಇರಲಿಲ್ಲ. ಹಾಗಾಗಿ ನಾವೆಲ್ಲ ಟೇಬಲ್ಲಿಗೆ ಅಂಟಿಕೊಂಡೇ ಆಡುವುದನ್ನು ಕಲಿತೆವು. ಚೆಂಡು ಆಗ ಸೆಲ್ಯುಲಾಯ್ಡಿನದು. ನೆಗ್ಗಿದರೆ ಕ್ಯಾಂಟೀನಿಗೆ ಓಡಿ ಬಿಸಿನೀರಿಗೆ ಹಾಕುತ್ತಿದ್ದೆವು, ಮತ್ತೆ ಉಬ್ಬಿಕೊಳ್ಳುತ್ತಿತ್ತು. ಸೀಳು ಬಿಟ್ಟರೆ ಮುಗಿಯಿತು, ಬಿ.ಎಚ್. ರಸ್ತೆಯ ಅಂಗಡಿಗೆ ಹೋಗಿ ಹೊಸದು ತರಬೇಕು. ಗುಬ್ಬಿ, ಕುಣಿಗಲ್ ಕಡೆಯ ಹಾಸ್ಟೆಲ್ ಹುಡುಗರೂ ಕಾಸು ಕೂಡಿಸಿ ಚೆಂಡು ತರುತ್ತಿದ್ದರು.

ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಒಂದು ಗೇಮ್ 21 ಪಾಯಿಂಟಿನವರೆಗೆ ನಡೆಯುತ್ತಿದ್ದ ಕಾಲದ ಆಟಗಾರರು. 2006ರ ಮಾರ್ಚ್‌ನಲ್ಲಿ ಒಂದು ದಿನ ಪೇಪರಿನ ತುಣುಕೊಂದನ್ನು ತಂದು ಗೋಡೆಗೆ ಅಂಟಿಸಿದರು. ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಶರತ್ ಕಮಲ್‌ಗೆ ಸಿಂಗಲ್ಸ್ ಚಿನ್ನ. ಫೈನಲ್‌ನಲ್ಲಿ ಆಸ್ಟ್ರೇಲಿಯಾದ ವಿಲಿಯಂ ಹೆನ್ಜೆಲ್ ಅವರನ್ನು ಅವರದೇ ನೆಲದಲ್ಲಿ 4-3ರಿಂದ ಸೋಲಿಸಿದ್ದರು. ತಂಡದ ಚಿನ್ನವೂ ಭಾರತಕ್ಕೇ ಬಂದಿತ್ತು. ಟಿ.ಟಿ. ಅಂದರೆ ಕ್ಲಾಸ್ ಇಲ್ಲದಾಗ ಸುಮ್ನೆ ಆಡುವ ಆಟ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ನಮಗೂ ಹಾಗೇ ಅನ್ನಿಸಿತ್ತು. ಆ ತುಣುಕು ಬಂದ ಮೇಲೆ ಕೋಣೆಯಲ್ಲಿ ಬೆಳಿಗ್ಗೆಯೂ ಆಟ ಶುರುವಾಯಿತು.

ಶರತ್ ಹುಟ್ಟಿದ್ದು 1982ರಲ್ಲಿ. ಆಟ ಹೇಳಿಕೊಟ್ಟವರು ತಂದೆ ಶ್ರೀನಿವಾಸ ರಾವ್ ಮತ್ತು ಚಿಕ್ಕಪ್ಪ ಮುರಳೀಧರ ರಾವ್. ಮೊದಲ ರಾಷ್ಟ್ರೀಯ ಸಿಂಗಲ್ಸ್ ಚಾಂಪಿಯನ್ ಪಟ್ಟ 2003ರಲ್ಲಿ, ಹತ್ತನೆಯದು 2022ರಲ್ಲಿ. ಹಿಂದಿನ ಆಟಗಾರ ಕಮಲೇಶ್ ಮೆಹ್ತಾ ಅವರ ಎಂಟು ಪಟ್ಟಗಳ ದಾಖಲೆಯನ್ನು ಅವರು ಮುರಿದದ್ದು 2019ರಲ್ಲಿ. ಈ ಲೆಕ್ಕಗಳು ಎಲ್ಲ ಕಡೆ ಸಿಗುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಒಂದು ವಿಷಯ.

ಶರತ್ ಕಲಿತ ಆಟವೇ ಆಮೇಲೆ ಉಳಿಯಲಿಲ್ಲ. ಅವರು ಹುಡುಗನಾಗಿದ್ದಾಗ ಚೆಂಡು 38 ಮಿಲಿಮೀಟರ್ ಇತ್ತು, 2000ದಲ್ಲಿ 40 ಆಯಿತು. ಚೆಂಡು ದೊಡ್ಡದಾದರೆ ಗಾಳಿಯ ತಡೆ ಜಾಸ್ತಿ. ವೇಗವೂ ಇಳಿಯುತ್ತದೆ, ಸ್ಪಿನ್ನೂ ಇಳಿಯುತ್ತದೆ. ಮರುವರ್ಷ 21ರ ಗೇಮ್ 11ಕ್ಕೆ ಇಳಿಯಿತು. ಐದೈದು ಸರ್ವಿಸ್ ಇದ್ದದ್ದು ಎರಡೆರಡಾಯಿತು. ಮೊದಲೆಲ್ಲ ನಾಲ್ಕು ಪಾಯಿಂಟ್ ಹಿಂದೆ ಬಿದ್ದರೂ ಸುಧಾರಿಸಿಕೊಳ್ಳಬಹುದಿತ್ತು. ಈಗ ಉಸಿರು ಬಿಡುವಷ್ಟರಲ್ಲಿ ಗೇಮ್ ಕೈಬಿಟ್ಟಿರುತ್ತದೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಮುಗಿದ ಕೂಡಲೇ ಬ್ಯಾಟಿಗೆ ರಬ್ಬರ್ ಅಂಟಿಸುವ ಸ್ಪೀಡ್ ಗ್ಲೂ ಎಂಬ ಅಂಟು ನಿಷೇಧವಾಯಿತು. ಅದನ್ನು ಹಚ್ಚಿದರೆ ರಬ್ಬರಿನ ಕೆಳಗಿನ ಸ್ಪಂಜು ಉಬ್ಬಿ, ಚೆಂಡು ಚಿಮ್ಮುತ್ತಿತ್ತು. ಫೋರ್‌ಹ್ಯಾಂಡಿನ, ಅಂದರೆ ಅಂಗೈ ಮುಂದಾಗಿ ಹೊಡೆಯುವ ಹೊಡೆತದ, ಜೋರಿನ ಮೇಲೆ ಬದುಕುವ ಶರತ್‌ನಂಥವರಿಗೆ ಇದು ಸಣ್ಣ ಪೆಟ್ಟಲ್ಲ. 2014ರಲ್ಲಿ ಪ್ಲಾಸ್ಟಿಕ್ ಚೆಂಡು ಬಂತು. ಪುಟಿಯುವ ರೀತಿಯೇ ಬೇರೆ.

ಹಾಡುಗಾರನಿಗೆ ಪ್ರತಿ ಐದಾರು ವರ್ಷಕ್ಕೊಮ್ಮೆ ಶ್ರುತಿ ಬದಲಿಸಿ, ಅದೇ ಹಾಡನ್ನು ಹಾಡು ಅಂದ ಹಾಗೆ ಇದು. ನಮ್ಮ ಮೇಷ್ಟ್ರು 11ರ ಗೇಮನ್ನು ಕೊನೆಯವರೆಗೂ ಒಪ್ಪಲಿಲ್ಲ. ಶರತ್ ಪ್ರತಿ ಸಲವೂ ಹೊಸದಾಗಿ ಕಲಿಯಲು ಕೂತರು. ಜರ್ಮನಿಯ ಲೀಗ್‌ನಲ್ಲಿ ಆಡಿದರು. ಮೊದಲು ಅವರ ಕೈಯಲ್ಲಿ ಅಷ್ಟು ಗಟ್ಟಿಯಾಗಿರದ ಬ್ಯಾಕ್‌ಹ್ಯಾಂಡನ್ನು, ಅಂದರೆ ಕೈಯ ಹಿಂಬದಿ ಮುಂದಾಗಿ ಹೊಡೆಯುವ ಹೊಡೆತವನ್ನು, ಬೆಳೆಸಿಕೊಂಡರು. 2015ರಲ್ಲಿ ತೊಡೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಆಟ ನಿಂತಿತು. ಮರುವರ್ಷ ರಿಯೋ ಒಲಿಂಪಿಕ್ಸ್‌ಗೆ ಹೋದರು.

ಅಷ್ಟರಲ್ಲಿ ನಾವೆಲ್ಲ ಕೆಲಸ, ಸಂಸಾರ ಅಂತ ಚದುರಿಹೋಗಿದ್ದೆವು. ನನ್ನದು ತುಮಕೂರು-ಬೆಂಗಳೂರು ರೈಲಿನ ಬದುಕು. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಗಂಡಸರ ತಂಡ ಜಪಾನನ್ನು 3-1ರಿಂದ ಸೋಲಿಸಿತು. ಆ ಸುದ್ದಿಯನ್ನು ನಾನು ಓದಿದ್ದು ರೈಲಿನಲ್ಲಿ ನಿಂತುಕೊಂಡೇ. ಟಿ.ಟಿ. ಏಷ್ಯನ್ ಗೇಮ್ಸ್‌ಗೆ ಸೇರಿ 60 ವರ್ಷವಾಗಿತ್ತು. ಭಾರತಕ್ಕೆ ಒಂದೂ ಪದಕ ಬಂದಿರಲಿಲ್ಲ. ಆ ಸಲ ತಂಡಕ್ಕೆ ಕಂಚು, ಮನಿಕಾ ಬಾತ್ರಾ ಜೊತೆ ಮಿಶ್ರ ಡಬಲ್ಸ್‌ನಲ್ಲಿ ಇನ್ನೊಂದು ಕಂಚು. ಪಕ್ಕದಲ್ಲಿದ್ದವರಿಗೆ ತೋರಿಸಿದೆ. ಅವರು ಕ್ರಿಕೆಟ್ ಸ್ಕೋರ್ ಕೇಳಿದರು. ನನಗೆ ಅದು ಈಗಲೂ ಬೇಸರವೇ.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಗಿನ ಒಲಿಂಪಿಕ್ ಚಾಂಪಿಯನ್, ಚೀನಾದ ಮಾ ಲಾಂಗ್ ವಿರುದ್ಧ ಶರತ್ ಸೋತರು. ನಾನು ನೋಡಿದ ಅವರ ಆಟಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ಸೋಲೇ. ಎರಡನೇ ಗೇಮನ್ನು 11-8ರಿಂದ ಗೆದ್ದರು. ಮೂರನೆಯದು 11-13. ಆ ಒಂದು ಗೇಮ್ ಬಂದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ. ಆಗ ಅವರಿಗೆ 39 ವರ್ಷ. ಮರುವರ್ಷ 40 ತುಂಬಿತು, ಕಾಮನ್‌ವೆಲ್ತ್ ಕ್ರೀಡಾಕೂಟ ನಡೆದ ಬರ್ಮಿಂಗ್‌ಹ್ಯಾಮಿನಲ್ಲಿ ಮೂರು ಚಿನ್ನ ಬಂತು: ತಂಡದ್ದು, ಶ್ರೀಜಾ ಅಕುಲಾ ಜೊತೆ ಮಿಶ್ರ ಡಬಲ್ಸ್, ಕೊನೆಗೆ ಇಂಗ್ಲೆಂಡಿನ ಲಿಯಾಮ್ ಪಿಚ್‌ಫೋರ್ಡ್ ಅವರನ್ನು ಸೋಲಿಸಿ ಸಿಂಗಲ್ಸ್. ಮೆಲ್ಬರ್ನ್‌ನ ಸಿಂಗಲ್ಸ್ ಚಿನ್ನಕ್ಕೂ ಇದಕ್ಕೂ 16 ವರ್ಷಗಳ ಅಂತರ. ನಡುವೆ ಚೆಂಡು, ಅಂಟು, ಎದುರಾಳಿಗಳು ಎಲ್ಲ ಬದಲಾಗಿದ್ದರು. ಆ ವರ್ಷದ ಖೇಲ್ ರತ್ನ ಅವರಿಗೆ ಬಂದದ್ದು ಸರಿಯಾಗಿಯೇ ಇತ್ತು.

ನಮ್ಮ ರಾಜ್ಯದ ಅರ್ಚನಾ ಕಾಮತ್ ಬಗ್ಗೆಯೂ ಹೇಳಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೆಣ್ಣುಮಕ್ಕಳ ತಂಡ ರೊಮೇನಿಯಾವನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿತು. ಅಲ್ಲಿ ಜರ್ಮನಿ ವಿರುದ್ಧ ಭಾರತ ಗೆದ್ದ ಒಂದೇ ಪಂದ್ಯ ಅರ್ಚನಾದು. ಆಮೇಲೆ ಅವರು ಆಟ ಬಿಟ್ಟು ಅಮೆರಿಕಕ್ಕೆ ಓದಲು ಹೋದರು. ಕೆಲವರು ಗೊಣಗಿದರು. ನಾನು ಗೊಣಗುವುದಿಲ್ಲ. ಶರತ್‌ಗೆ ಇಂಡಿಯನ್ ಆಯಿಲ್ ಕೆಲಸದ ಆಸರೆ ಇತ್ತು. ಅಂಥ ಆಸರೆ ಎಷ್ಟು ಮಕ್ಕಳಿಗೆ ಸಿಗುತ್ತದೆ, ಅಲ್ವಾ?

ಅದೇ ಪ್ಯಾರಿಸ್‌ನಲ್ಲಿ ಪಿ.ವಿ. ಸಿಂಧು ಜೊತೆ ಧ್ವಜ ಹಿಡಿದವರು ಶರತ್. ಅದು ಅವರ ಐದನೇ ಒಲಿಂಪಿಕ್ಸ್. 2025ರ ಮಾರ್ಚ್‌ನಲ್ಲಿ ಚೆನ್ನೈನಲ್ಲೇ ಕೊನೆಯ ಟೂರ್ನಿ ಆಡಿದರು. ಸೋಲಿಸಿದ್ದು ಭಾರತದ್ದೇ ಹುಡುಗ, ಸ್ನೇಹಿತ್ ಸುರವಜ್ಜುಲ. ಗೆದ್ದು ನಿಲ್ಲಿಸಬೇಕಿತ್ತು ಅಂತ ನಮ್ಮ ಬ್ಯಾಚಿನ ಗುಂಪಿನಲ್ಲಿ ಒಬ್ಬ ಬರೆದ. ನನಗೆ ಹಾಗನ್ನಿಸಲಿಲ್ಲ. ಹೊರದೇಶದವರ ಕೈಯಲ್ಲಿ ಸೋಲುವುದಕ್ಕಿಂತ, ತನ್ನ ಆಟ ನೋಡಿ ಬೆಳೆದ ಹುಡುಗನಿಗೆ ಟೇಬಲ್ ಬಿಟ್ಟುಕೊಡುವುದು ಎಷ್ಟೋ ಮೇಲು.

ಅವತ್ತು ರಾತ್ರಿ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ತುಂಬ ದಿನವಾಗಿದೆ. ಪಂದ್ಯ ಅವರೂ ನೋಡಿದ್ದರು. 11ರ ಗೇಮನ್ನು ಮತ್ತೆ ಬೈದರು. ಆಮೇಲೆ ನಾವಿಬ್ಬರೂ ಬಹಳ ಹೊತ್ತು ಶರತ್ ಅವರ ಬ್ಯಾಕ್‌ಹ್ಯಾಂಡ್ ಬಗ್ಗೆ ಮಾತಾಡಿದೆವು.