ಎದೆಗೂ ಸ್ಕ್ಯಾನಿಂಗಾ?

"ಡಾಕ್ಟ್ರೇ, ಸ್ಕ್ಯಾನಿಂಗ್ ಬಸುರಿಯರಿಗೆ ಮಾಡೋದಲ್ವಾ? ನಮ್ಮಪ್ಪನಿಗೆ ಯಾಕೆ?" ಕಾರವಾರದ ನಮ್ಮ ಐಸಿಯುನಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಈ ಸ್ಕ್ಯಾನಿಂಗ್ ಅಂದರೆ ಅಲ್ಟ್ರಾಸೌಂಡ್, ಅದು ಗಾಳಿಯನ್ನು ದಾಟಿ ಚಿತ್ರ ಕೊಡುವುದಿಲ್ಲ. ಶ್ವಾಸಕೋಶದ ತುಂಬ ಗಾಳಿ, ಅಲ್ಲಿ ಅದಕ್ಕೆ ಏನು ಕೆಲಸ ಅಂತ ವೈದ್ಯರೂ ಬಹಳ ಕಾಲ ಅಂದುಕೊಂಡಿದ್ದರು. ಆ ಮಾತನ್ನು ಒಪ್ಪದವರು ಫ್ರಾನ್ಸಿನ ಐಸಿಯು ವೈದ್ಯ ಡೇನಿಯಲ್ ಲಿಕ್ಟೆನ್‌ಸ್ಟೈನ್. ಎದೆಯ ಅಲ್ಟ್ರಾಸೌಂಡಿನಿಂದ ಉಸಿರಾಟದ ತೊಂದರೆಗೆ ಹಂತ ಹಂತವಾಗಿ ಕಾರಣ ಹುಡುಕುವ ಅವರ ಕ್ರಮ, 'ಬ್ಲೂ ಪ್ರೋಟೋಕಾಲ್' 2008ರಲ್ಲಿ ಪ್ರಕಟವಾಯಿತು.

ಶ್ವಾಸಕೋಶದಲ್ಲಿ ನೀರು ಸೇರಿದ್ದರೆ ಪರದೆಯ ಮೇಲಿಂದ ಕೆಳಗೆ ಬಿಳಿ ಗೆರೆಗಳು, ನಮ್ಮ ಜೂನ್ ಮಳೆಯ ಹಾಗೆ. ಅವೇ ಬಿ ಲೈನ್. ನ್ಯುಮೋನಿಯಾದಲ್ಲೂ ಕಾಣುತ್ತವೆ, ಹಾಗಾಗಿ ಗೆರೆ ಕಂಡ ತಕ್ಷಣ ತೀರ್ಪು ಕೊಡುವಂತಿಲ್ಲ.

ಮಳೆಗಾಲದ ಇಲಿಜ್ವರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬಿಪಿ ಕಡಿಮೆ, ಕಿಡ್ನಿ ಸೋತಿದೆ, ಶ್ವಾಸಕೋಶವೂ ಕೆಟ್ಟಿರಬಹುದು. ಸಲೈನ್ ಇನ್ನೂ ಕೊಡಬೇಕಾ, ನಿಲ್ಲಿಸಬೇಕಾ? ಹೃದಯ, ಶ್ವಾಸಕೋಶ, ಹೊಟ್ಟೆಯ ದೊಡ್ಡ ರಕ್ತನಾಳ ಮೂರನ್ನೂ ಹಾಸಿಗೆ ಪಕ್ಕದಲ್ಲೇ ನೋಡಬಹುದು. ವೆಂಟಿಲೇಟರ್ ಮೇಲಿರುವವರನ್ನು ಸಿಟಿ ಕೋಣೆಗೆ ಸಾಗಿಸುವ ಫಜೀತಿ ಎಷ್ಟೋ ಸಲ ತಪ್ಪುತ್ತದೆ. ಮಣಿಪಾಲಕ್ಕೋ ಗೋವಾಕ್ಕೋ ಕಳಿಸಬೇಕಾ ಅನ್ನುವ ನಿರ್ಧಾರಕ್ಕೂ ಸಹಾಯ.

ಆದರೆ ಸುಮ್ನೆ ದಿನಾ ಎಲ್ಲರ ಎದೆಗೂ ಜೆಲ್ ಹಚ್ಚುವುದು ನನಗೆ ಇಷ್ಟವಿಲ್ಲ. ಮನಸ್ಸಿನಲ್ಲೊಂದು ಪ್ರಶ್ನೆ ಇರಬೇಕು. ನೋಡುವವರ ಕೈ ಪಳಗಿರಬೇಕು. ಮೆಷಿನ್ ಚಿಕ್ಕದು ಅಂತ ಬೇಕಾದಲ್ಲಿ ಹೊತ್ತುಕೊಂಡು ಹೋಗುವಂತೆಯೂ ಇಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದಕ್ಕೂ ಅನ್ವಯ, ನೋಂದಣಿ ಬೇಕೇ ಬೇಕು.

ಮತ್ತೆ, ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಮೈಗೆ ತಾಗಿಸುವ ಪ್ರೋಬ್ ಒರೆಸಿ ಮಾರಾಯ್ರೇ!