ಕೋಟೆಯೊಳಗಿದ್ದವರನ್ನು ಯಾಕೆ ಬಿಡಿಸಲಿಲ್ಲ?

ಮಗಳ ಗೆಳತಿ ಹೋದ ವಾರ ನಮ್ಮ ಮನೆಯ ಸೋಫಾದ ಮೇಲೆ ಕೂತು ಚಕ್ಕುಲಿ ಮುರಿಯುತ್ತ ಒಂದು ಪ್ರಶ್ನೆ ಕೇಳಿದಳು. ಅದಿನ್ನೂ ನನ್ನ ತಲೆಯಿಂದ ಹೋಗಿಲ್ಲ.

ಮಗಳು ಶಾಲೆಯಲ್ಲಿ ಮಿಖೀಲ್ ದ ರೌಟರ್ ಬಗ್ಗೆ ಮಾತಾಡಬೇಕಿತ್ತು. ನೆದರ್ಲೆಂಡ್ಸ್‌ನಲ್ಲಿ ನಾವಿರುವ ಫ್ಲಿಸ್ಸಿಂಗೆನ್ ಊರಿನವನೇ, ಡಚ್ಚರ ದೊಡ್ಡ ನೌಕಾ ಸೇನಾನಿ. ಇಲ್ಲಿ ಸಮುದ್ರದ ದಂಡೆಯಲ್ಲೇ ಅವನ ಪ್ರತಿಮೆ ಇದೆ. ಅಭ್ಯಾಸ ನಮ್ಮೆದುರು ನಡೆಯುತ್ತಿತ್ತು.

1607ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದವನು. ಹಗ್ಗ ಹೊಸೆಯುವಲ್ಲಿ ಚಕ್ರ ತಿರುಗಿಸುವ ಕೆಲಸ. 11ನೇ ವಯಸ್ಸಿಗೆ ಹಡಗು ಹತ್ತಿದ. 1667ರಲ್ಲಿ ಅವನ ಪಡೆ ಇಂಗ್ಲೆಂಡಿನ ಮೆಡ್‌ವೇ ನದಿಗೇ ನುಗ್ಗಿತು. ಅಡ್ಡ ಕಟ್ಟಿದ್ದ ಕಬ್ಬಿಣದ ಸರಪಳಿ ಮುರಿದು, ಲಂಗರು ಹಾಕಿ ನಿಂತಿದ್ದ ಹಡಗುಗಳಿಗೆ ಬೆಂಕಿ ಇಟ್ಟಿತು. ರಾಯಲ್ ಚಾರ್ಲ್ಸ್ ಎಂಬ ದೊಡ್ಡ ಹಡಗನ್ನೇ ಎಳೆದುಕೊಂಡು ಬಂತು. ಅದರ ಹಿಂಬದಿಯ ಕೆತ್ತನೆ ಈಗಲೂ ಆಮ್‌ಸ್ಟರ್‌ಡಾಮಿನ ರೈಕ್ಸ್‌ಮ್ಯೂಸಿಯಂನಲ್ಲಿದೆ. ನಮ್ಮನ್ನು ಆಳಿದವರಿಗೆ ಒಮ್ಮೆ ಹೀಗೂ ಆಗಿತ್ತಲ್ಲ ಅಂತ ನನಗೂ ಒಳಗೊಳಗೇ ಖುಷಿ. ಸುಳ್ಳು ಯಾಕೆ ಹೇಳಲಿ?

ಕೊನೆಗೆ ಮಗಳು ದನಿ ಏರಿಸಿದಳು. 1676ರಲ್ಲಿ ನೇಪಲ್ಸ್‌ನಲ್ಲಿ ಹಂಗೇರಿಯ 26 ಪ್ರೊಟೆಸ್ಟೆಂಟ್ ಪಾದ್ರಿಗಳು ಗುಲಾಮರಾಗಿ ಹಡಗಿನ ಹುಟ್ಟು ಹಾಕುತ್ತಿದ್ದರು. ದ ರೌಟರ್ ಅವರನ್ನೆಲ್ಲ ಬಿಡಿಸಿದ. ಅದಾಗಿ ಮೂರು ತಿಂಗಳೊಳಗೇ ಸಿಸಿಲಿಯ ಹತ್ತಿರದ ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಸತ್ತ.

"ಅವನು ಆಫ್ರಿಕಾಕ್ಕೂ ಹೋಗಿದ್ದ ಅಲ್ವಾ? ಅಲ್ಲಿ ಕೋಟೆಯೊಳಗಿದ್ದವರನ್ನು ಯಾಕೆ ಬಿಡಿಸಲಿಲ್ಲ?" ಅಂದಳು ಗೆಳತಿ.

ಹೋಗಿದ್ದ, ಹೌದು. 1664-65ರಲ್ಲಿ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ, ಮಾರಾಟದ ಗುಲಾಮರನ್ನು ಕೂಡಿಹಾಕುತ್ತಿದ್ದ ಕೋಟೆಗಳನ್ನು ಇಂಗ್ಲಿಷರಿಂದ ಕಸಿದು, ಗುಲಾಮರ ವ್ಯಾಪಾರ ಮಾಡುತ್ತಿದ್ದ ಡಚ್ ಕಂಪನಿಯ ಕೈಗೆ ಕೊಟ್ಟ. ಆ ಹುಡುಗಿಯ ಹಿರಿಯರು ದಕ್ಷಿಣ ಅಮೆರಿಕದ ಸುರಿನಾಮ್‌ನವರು. ಮೆಡ್‌ವೇ ಗೆಲುವಾದ ಮೇಲೆ ಬ್ರೆಡಾ ಊರಿನಲ್ಲಿ ಇಂಗ್ಲಿಷರ ಜೊತೆ ಆದ ಒಪ್ಪಂದದಲ್ಲಿ ಸುರಿನಾಮ್ ಡಚ್ಚರಿಗೇ ಉಳಿಯಿತು. ಅಲ್ಲಿನ ಕಬ್ಬಿನ ತೋಟಗಳಲ್ಲಿ, ಆಫ್ರಿಕಾದಿಂದ ಒಯ್ದವರ ಗುಲಾಮಗಿರಿ ನಿಂತದ್ದು 1863ರಲ್ಲಿ. ಅವಳು ಸುಮ್ನೆ ಕೇಳಿದ್ದಲ್ಲ.

ಮಗಳು ಪ್ರಶ್ನೆಯನ್ನು ಹಾಗೇ ತನ್ನ ಹಾಳೆಗೆ ಸೇರಿಸಿಕೊಂಡಳು. ಟೀಚರ್ ತೆಗೆ ಅನ್ನಲಿಲ್ಲ. ಇಲ್ಲಿಯವರೆಲ್ಲ ದೊಡ್ಡ ಮನಸ್ಸಿನವರು ಅಂತಲ್ಲ. ಇಂಥ ಮಾತಿಗೆ ಮುಖ ಸಿಂಡರಿಸುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೂ ಮಕ್ಕಳ ಬಾಯಿ ಮುಚ್ಚಿಸಲಿಲ್ಲ.

ನನಗೆ ನಮ್ಮ ಬಸರೂರು ನೆನಪಾಯಿತು. ವಾರಾಹಿ ದಂಡೆಯ ಊರು. ಕೆಳದಿ ನಾಯಕರ ಕಾಲದಲ್ಲಿ ಅಕ್ಕಿ, ಮೆಣಸಿನ ದೊಡ್ಡ ಬಂದರು. ದ ರೌಟರ್ ಆಫ್ರಿಕಾದ ಕಡಲಲ್ಲಿದ್ದ ಅದೇ 1665ರ ಫೆಬ್ರವರಿಯಲ್ಲಿ ಶಿವಾಜಿಯ ಹಡಗುಗಳು ಮಾಲ್ವಣದಿಂದ ಬಂದು ಬಸರೂರನ್ನು ಲೂಟಿ ಮಾಡಿದವು. ಶಾಲೆಯಲ್ಲಿ ನಮಗೆ ಶಿವಾಜಿಯ ಕೋಟೆಗಳ ಹೆಸರು ಬಾಯಿಪಾಠ. ಲೂಟಿಯಾದದ್ದು ನಮ್ಮದೇ ಪೇಟೆ ಅಂತ ಹೇಳಿದವರು ಅಜ್ಜಯ್ಯ ಒಬ್ಬರೇ. ಅದೂ ಜಗಲಿಯಲ್ಲಿ ಬೇರೆ ಯಾರೂ ಇಲ್ಲದಾಗ. ಆ ದಿನ ಅಂಗಡಿ ಕಳಕೊಂಡವರು ಯಾರು, ಆಮೇಲೆ ಎಲ್ಲಿ ಹೋದರು ಅಂತ ಕೇಳಬೇಕು ಅನ್ನುವುದು ನನ್ನ ತರಗತಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಪ್ಪಯ್ಯನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ಜೋರಾಗಿ ನಕ್ಕರು.

"ಅಲ್ ಕೇಂಡ್ರೆ ಅಡ್ಡಿಲ್ಲೆ ಮಗಾ. ರಜೆಗೆ ಇಲ್ಲಿಗ್ ಬಂದಾಗ ಕೇಂಬುದ್ ಬ್ಯಾಡ ಅಂತ ಹೇಳ್ ಅದ್ಕೆ."

ಮಗಳಿಗೆ ನಾನಿನ್ನೂ ಹೇಳಿಲ್ಲ. ಹೇಳುವ ಮನಸ್ಸೂ ಇಲ್ಲ.